ನೆಟ್‌ವರ್ಕ್ ಟ್ಯಾಬ್‌ನಲ್ಲಿ ಇದೆ, ಕೋಡ್‌ಗೆ ಸಿಗುತ್ತಿಲ್ಲ

ವರದಿ ಡೌನ್‌ಲೋಡ್ ಮಾಡುವ ಬಟನ್ ಒಂದನ್ನು ಬರೆಯುತ್ತಿದ್ದೆ. ಪುಟ ಒಂದು ಡೊಮೇನ್‌ನಲ್ಲಿ, ಅದಕ್ಕೆ ಡೇಟಾ ಕೊಡುವ ಎಪಿಐ ಇನ್ನೊಂದರಲ್ಲಿ. ಫೈಲಿನ ಹೆಸರನ್ನು ಸರ್ವರ್ ಕಂಟೆಂಟ್-ಡಿಸ್ಪೊಸಿಶನ್ ಹೆಡರ್‌ನಲ್ಲಿ (ಉತ್ತರದ ಜೊತೆ ಬರುವ ಮಾಹಿತಿ ಸಾಲು) ಕಳಿಸುತ್ತಿತ್ತು. ಜಾವಾಸ್ಕ್ರಿಪ್ಟ್‌ನಲ್ಲಿ ಫೆಚ್ ಮಾಡಿ (ವಿನಂತಿ ಕಳಿಸಿ) ಆ ಹೆಡರ್ ಓದಿದರೆ ನಲ್, ಅಂದರೆ ಏನೂ ಇಲ್ಲ.

ಆದರೆ ಬ್ರೌಸರ್‌ನ ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಅದೇ ಹೆಡರ್ ಕಣ್ಣಿಗೆ ಕಾಣುವಂತೆ ಕೂತಿದೆ. ಬ್ರೌಸರ್ ಇಲ್ಲದೆ ವಿನಂತಿ ಕಳಿಸುವ ಕರ್ಲ್‌ನಲ್ಲೂ ಬರುತ್ತಿದೆ. ಅರ್ಧ ದಿನ ನನ್ನ ಜಾವಾಸ್ಕ್ರಿಪ್ಟ್‌ನಲ್ಲೇ ತಪ್ಪು ಹುಡುಕಿದೆ. ಹೆಡರ್ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರಗಳನ್ನೂ ಬದಲಿಸಿ ನೋಡಿದೆ. ಅದರಿಂದ ಏನೂ ವ್ಯತ್ಯಾಸ ಆಗುವುದಿಲ್ಲ, ಸುಮ್ನೆ ಸಮಯ ಹೋಯಿತು.

ವಿಷಯ ಇಷ್ಟೇ. ಉತ್ತರ ಬ್ರೌಸರ್‌ಗೆ ಪೂರ್ತಿ ಬಂದಿರುತ್ತದೆ. ಆದರೆ ಬೇರೆ ಮೂಲದಿಂದ (ನಮ್ಮಲ್ಲಿ ಬೇರೆ ಡೊಮೇನ್‌ನಿಂದ) ಬಂದ ಉತ್ತರವಾದರೆ, ಬ್ರೌಸರ್ ತಾನಾಗಿಯೇ ಕೋಡ್‌ಗೆ ಕೊಡುವುದು ಏಳು ಹೆಡರ್ ಮಾತ್ರ: ಕ್ಯಾಶ್-ಕಂಟ್ರೋಲ್, ಕಂಟೆಂಟ್-ಲ್ಯಾಂಗ್ವೇಜ್, ಕಂಟೆಂಟ್-ಲೆಂತ್, ಕಂಟೆಂಟ್-ಟೈಪ್, ಎಕ್ಸ್‌ಪೈರ್ಸ್, ಲಾಸ್ಟ್-ಮಾಡಿಫೈಡ್, ಪ್ರಾಗ್ಮಾ. ಉಳಿದದ್ದು ಬೇಕೆಂದರೆ ಸರ್ವರ್ ಆ್ಯಕ್ಸೆಸ್-ಕಂಟ್ರೋಲ್-ಎಕ್ಸ್‌ಪೋಸ್-ಹೆಡರ್ಸ್‌ನಲ್ಲಿ ಹೆಸರು ಹಿಡಿದು ಹೇಳಬೇಕು. ಡೆವಲಪರ್ ಟೂಲ್ಸ್‌ಗೆ ಈ ತಡೆ ಇಲ್ಲ. ನನ್ನನ್ನು ದಾರಿ ತಪ್ಪಿಸಿದ್ದು ಇದೇ.

ಇದು ತಿಳಿದ ಮೇಲೂ ಎರಡು ಸಲ ಎಡವಿದೆ. ಮೊದಲು ಹೆಸರನ್ನು ಆ್ಯಕ್ಸೆಸ್-ಕಂಟ್ರೋಲ್-ಅಲೌ-ಹೆಡರ್ಸ್‌ಗೆ ಸೇರಿಸಿದೆ. ಅದು ನಾವು ಕಳಿಸುವ ಹೆಡರ್‌ಗಳಿಗೆ ಅನುಮತಿ, ಓದುವುದಕ್ಕಲ್ಲ. ಆಮೇಲೆ ಎಕ್ಸ್‌ಪೋಸ್ ಸಾಲನ್ನು ಪ್ರಿಫ್ಲೈಟ್‌ನ, ಅಂದರೆ ಅಸಲಿ ವಿನಂತಿಗೂ ಮೊದಲು ಬ್ರೌಸರ್ ಅನುಮತಿ ಕೇಳಿ ಕಳಿಸುವ ಆಪ್ಶನ್ಸ್ ವಿನಂತಿಯ ಉತ್ತರದಲ್ಲಿ ಹಾಕಿದೆ. ಬ್ರೌಸರ್ ಅದನ್ನು ನೋಡುವುದು ಅಸಲಿ ಉತ್ತರದಲ್ಲಿ. ಪ್ರಿಫ್ಲೈಟ್‌ನಲ್ಲಿ ಇಟ್ಟರೆ ಏನೂ ಪ್ರಯೋಜನವಿಲ್ಲ.

ಒಂದೊಂದೇ ಹೆಸರು ಬರೆಯುವ ಬದಲು ನಕ್ಷತ್ರ (*) ಹಾಕಿದರೆ ಆಗುತ್ತದಲ್ವಾ ಎಂದೂ ಅನ್ನಿಸಿತು. ಕುಕೀ ಇಲ್ಲದ ವಿನಂತಿಗೆ ಆಗುತ್ತದೆ. ನಮ್ಮದು ಲಾಗಿನ್ ಕುಕೀ ಜೊತೆ ಹೋಗುವ ವಿನಂತಿ. ಅಲ್ಲಿ ನಕ್ಷತ್ರಕ್ಕೆ ‘ಎಲ್ಲವೂ’ ಎಂಬ ಅರ್ಥ ಇಲ್ಲ. ‘*’ ಎಂಬ ಹೆಸರಿನ ಹೆಡರ್ ಎಂದೇ ಬ್ರೌಸರ್ ಓದುತ್ತದೆ. ಹಾಗಾಗಿ ಹೆಸರುಗಳನ್ನೇ ಬರೆದೆ. ಹೇಗೂ ಅದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಏನನ್ನು ಓದಲು ಬಿಡುತ್ತಿದ್ದೇವೆ ಎಂಬುದು ಒಂದೇ ಸಾಲಿನಲ್ಲಿ ಗೊತ್ತಾಗುತ್ತದೆ. ಸೆಟ್-ಕುಕೀ ಮಾತ್ರ ಏನು ಬರೆದರೂ ಕೋಡ್‌ಗೆ ಸಿಗುವುದಿಲ್ಲ.

ಜಾಸ್ತಿ ಕಾಡಿದ್ದು ಇದರ ನಂತರದ ತೊಂದರೆ. ವಿನಂತಿ ಹೆಚ್ಚಾದಾಗ ಸರ್ವರ್ 429 ಎಂಬ ದೋಷದ ಕೋಡ್ ಕೊಟ್ಟು, ಎಷ್ಟು ಹೊತ್ತು ಕಾಯಬೇಕು ಎಂದು ರಿಟ್ರೈ-ಆಫ್ಟರ್ ಹೆಡರ್‌ನಲ್ಲಿ ಹೇಳುತ್ತಿತ್ತು. ಅದರ ಹೆಸರನ್ನೂ ಪಟ್ಟಿಗೆ ಸೇರಿಸಿದ್ದೆ. ಯಶಸ್ಸಿನ ಕೋಡ್ 200 ಬಂದಾಗ ಎಲ್ಲ ಸರಿ, 429 ಬಂದಾಗ ಮತ್ತೆ ನಲ್! ಉತ್ತರ ಓದಲು ಪುಟಕ್ಕೆ ಅನುಮತಿ ಕೊಡುವ ಅಲೌ-ಆರಿಜಿನ್ ಹೆಡರ್ ನಮ್ಮ ಆ್ಯಪ್‌ನಿಂದ ಬರುತ್ತಿತ್ತು, ಎಕ್ಸ್‌ಪೋಸ್ ಸಾಲನ್ನು ನಾನು ಅದರ ಮುಂದಿರುವ ವೆಬ್ ಸರ್ವರ್ ಎಂಜಿನ್‌ಎಕ್ಸ್‌ನಲ್ಲಿ ಬರೆದಿದ್ದೆ. ಅಲ್ಲಿನ ಆ್ಯಡ್-ಹೆಡರ್ ಆದೇಶ 200, 204, 302, 304ರಂಥ ಕೆಲವು ಕೋಡ್‌ಗಳಿಗೆ ಮಾತ್ರ ಹೆಡರ್ ಸೇರಿಸುತ್ತದೆ. ದೋಷದ ಉತ್ತರಗಳಿಗೂ ಬೇಕಾದರೆ ಸಾಲಿನ ಕೊನೆಗೆ ‘ಆಲ್ವೇಸ್’ ಎಂದು ಬರೆಯಬೇಕು. ಆ ಒಂದು ಪದ ಸೇರಿಸಿದ ಮೇಲೆ ಕಾಯುವ ಸೆಕೆಂಡುಗಳು ಸರಿಯಾಗಿ ಬಂದವು.

ಈಗ ನಾನು ನೆಟ್‌ವರ್ಕ್ ಟ್ಯಾಬ್ ನೋಡಿ ಒಪ್ಪಿಕೊಳ್ಳುವುದಿಲ್ಲ. ಅದೇ ಪುಟದ ಕನ್ಸೋಲ್‌ನಲ್ಲಿ ಫೆಚ್ ಮಾಡಿ, ಉತ್ತರದ ಹೆಡರ್‌ಗಳನ್ನೆಲ್ಲ ಮುದ್ರಿಸುತ್ತೇನೆ. ಒಮ್ಮೆ ಗೆದ್ದ ವಿನಂತಿಗೆ, ಇನ್ನೊಮ್ಮೆ ಬೇಕಂತಲೇ ಸೋಲಿಸಿದ ವಿನಂತಿಗೆ.