ಸಾಲ ವಸೂಲಿಯ ಕಿರುಕುಳ: ದೂರು ಯಾರಿಗೆ, ಹೇಗೆ ಕೊಡಬೇಕು

ಕಂತು ಕಟ್ಟಲು ತಪ್ಪಿದವರಲ್ಲಿ ಅನೇಕರು, ಬಾಕಿ ಉಳಿಸಿಕೊಂಡ ತಮಗೆ ದೂರು ಕೊಡುವ ಹಕ್ಕೆಲ್ಲಿದೆ ಎಂದುಕೊಂಡು ವಸೂಲಿ ಏಜೆಂಟರ ಬೈಗುಳವನ್ನು ನುಂಗಿಕೊಳ್ಳುತ್ತಾರೆ. ಬಾಕಿ ಬೇರೆ, ವಸೂಲಿಯ ರೀತಿ ಬೇರೆ. ದೂರು ಕೊಟ್ಟ ಮಾತ್ರಕ್ಕೆ ಸಾಲ ತೀರುವುದಿಲ್ಲ, ಬಡ್ಡಿಯೂ ನಿಲ್ಲುವುದಿಲ್ಲ. ಆದರೆ ಸಾಲವಿದೆ ಎಂಬ ಕಾರಣಕ್ಕೆ ಯಾರೂ ಬೆದರಿಸುವಂತಿಲ್ಲ.

ಬಾಕಿ ವಸೂಲಿಗಾಗಿ ಬೆಳಿಗ್ಗೆ 8ಕ್ಕೆ ಮೊದಲು ಅಥವಾ ಸಂಜೆ 7ರ ನಂತರ ಕರೆ ಮಾಡಬಾರದು, ಸಾಲಗಾರರನ್ನು ನಾಲ್ಕು ಜನರ ಮುಂದೆ ಅವಮಾನಿಸಬಾರದು, ಮನೆಯವರಿಗೂ ಸ್ನೇಹಿತರಿಗೂ ತೊಂದರೆ ಕೊಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಮೈಕ್ರೋ ಫೈನಾನ್ಸ್ ಸಾಲಗಳಿಗೆ ಈ ಮಿತಿ ಇನ್ನೂ ಬಿಗಿಯಾಗಿದ್ದು, ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಮಾತ್ರ ಕರೆಗೆ ಅವಕಾಶವಿದೆ. ಏಜೆಂಟರು ಗುರುತಿನ ಚೀಟಿಯನ್ನೂ ಅಧಿಕಾರ ಪತ್ರವನ್ನೂ ಜೊತೆಗಿಟ್ಟುಕೊಂಡಿರಬೇಕು. ‘ಅವರು ಹೊರಗಿನ ಏಜೆನ್ಸಿಯವರು, ನಮಗೆ ಸಂಬಂಧವಿಲ್ಲ’ ಎಂದು ಬ್ಯಾಂಕ್ ಕೈತೊಳೆದುಕೊಳ್ಳುವಂತಿಲ್ಲ; ಏಜೆಂಟರ ನಡವಳಿಕೆಗೆ ಸಾಲ ಕೊಟ್ಟ ಸಂಸ್ಥೆಯೇ ಹೊಣೆ.

ದೂರು ನಿಲ್ಲುವುದು ದಾಖಲೆಯ ಮೇಲೆ. ಕರೆ ಬಂದ ದಿನಾಂಕ, ಹೊತ್ತು, ನಂಬರು, ಆಡಿದ ಮಾತು, ಎದುರಿಗಿದ್ದವರು, ಇಷ್ಟನ್ನೂ ಆಗಿಂದಾಗ್ಗೆ ಬರೆದಿಡಿ. ‘ದಿನವೂ ಕಾಟ ಕೊಡುತ್ತಾರೆ’ ಎಂಬುದಕ್ಕಿಂತ, ‘ಮಾರ್ಚ್ 3ರ ರಾತ್ರಿ 9.40ಕ್ಕೆ ಈ ನಂಬರಿನಿಂದ ಕರೆ ಮಾಡಿ, ನಾಳೆ ನಿಮ್ಮ ಆಫೀಸಿಗೇ ಬಂದು ಎಲ್ಲರಿಗೂ ಹೇಳುತ್ತೇನೆ ಎಂದರು’ ಎಂಬ ಒಂದು ವಾಕ್ಯಕ್ಕೆ ಹೆಚ್ಚು ತೂಕವಿದೆ. ವಾಟ್ಸ್‌ಆ್ಯಪ್ ಸಂದೇಶಗಳನ್ನು ಸಿಟ್ಟಿನಲ್ಲಿ ಅಳಿಸಬೇಡಿ. ಸ್ಕ್ರೀನ್‌ಶಾಟ್‌ನಲ್ಲಿ ನಂಬರೂ ಸಮಯವೂ ಕಾಣಿಸಲಿ. ತಿರುಗಿ ಬೈದರೆ ಆ ಮಾತೂ ಅವರ ರೆಕಾರ್ಡಿಂಗ್‌ನಲ್ಲಿ ಉಳಿದುಬಿಡಬಹುದು.

ಮೊದಲ ದೂರು ಸಾಲ ಕೊಟ್ಟ ಸಂಸ್ಥೆಗೇ, ಅದರ ಕುಂದುಕೊರತೆ ನಿವಾರಣಾಧಿಕಾರಿಯ ಹೆಸರಿಗೆ ಹೋಗಬೇಕು. ಈ ಹೆಜ್ಜೆಯನ್ನು ಬಿಟ್ಟು ನೇರವಾಗಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ (ಗ್ರಾಹಕರ ದೂರುಗಳನ್ನು ಇತ್ಯರ್ಥಪಡಿಸುವ ಅಧಿಕಾರಿ) ಬಳಿ ಹೋದರೆ ದೂರು ತಿರಸ್ಕೃತವಾಗುತ್ತದೆ. ಸಾಲದ ಖಾತೆ ಸಂಖ್ಯೆ, ನಡೆದ ಘಟನೆಗಳು, ನೀವು ಬಯಸುವ ಪರಿಹಾರ, ಇವು ಒಂದೇ ಪುಟದಲ್ಲಿ ಮುಗಿಯಲಿ. ಕಷ್ಟಸುಖದ ಕಥೆ ಅಲ್ಲಿ ಬೇಡ. ಕಂತಿಗೆ ಕಾಲಾವಕಾಶ ಕೇಳುವುದಿದ್ದರೆ ಅದಕ್ಕೆ ಬೇರೆ ಪತ್ರವನ್ನೇ ಬರೆಯಿರಿ. ಇಮೇಲ್ ಅಥವಾ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ದೂರು ಸಂಖ್ಯೆಯನ್ನೋ ಸ್ವೀಕೃತಿಯನ್ನೋ ಪಡೆದುಕೊಳ್ಳಿ. ಶಾಖೆಯಲ್ಲಿ ಬಾಯಿಮಾತಿನಲ್ಲಿ ಹೇಳಿ ಬಂದದ್ದಕ್ಕೆ ಆಮೇಲೆ ಯಾವ ಆಧಾರವೂ ಇರುವುದಿಲ್ಲ. ಸಾಲಗಾರರ ದೂರು ಇತ್ಯರ್ಥವಾಗುವವರೆಗೆ ಆ ಪ್ರಕರಣವನ್ನು ಬ್ಯಾಂಕುಗಳು ವಸೂಲಿ ಏಜೆನ್ಸಿಗೆ ಒಪ್ಪಿಸಬಾರದು ಎಂದು ರಿಸರ್ವ್ ಬ್ಯಾಂಕ್ 2008ರಲ್ಲೇ ಸೂಚಿಸಿತ್ತು. ಬ್ಯಾಂಕ್ ಸಾಲವಾಗಿದ್ದರೆ ಇದನ್ನು ಪತ್ರದಲ್ಲಿ ನೆನಪಿಸಿ.

30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ದೂರು ಸಲ್ಲಿಸಲೆಂದೇ ಇರುವ ರಿಸರ್ವ್ ಬ್ಯಾಂಕಿನ ಸಿಎಂಎಸ್ ಪೋರ್ಟಲ್‌ನಲ್ಲಿ ಮೊದಲ ದೂರಿನ ಪ್ರತಿಯನ್ನೂ ಸಾಕ್ಷ್ಯಗಳನ್ನೂ ಸೇರಿಸಬೇಕು; ಮಾಹಿತಿಗೆ 14448 ನಂಬರಿಗೆ ಕರೆ ಮಾಡಬಹುದು. ಗೃಹಸಾಲ ಕಂಪನಿಗಳ ಮೇಲಿನ ದೂರು ಮಾತ್ರ ನ್ಯಾಷನಲ್ ಹೌಸಿಂಗ್ ಬ್ಯಾಂಕ್‌ಗೆ ಹೋಗುತ್ತದೆ.

ಪ್ರಾಣಬೆದರಿಕೆ, ಕೈ ಮಾಡುವುದು, ಮನೆಗೆ ನುಗ್ಗುವುದು, ಹೆಂಗಸರ ಬಗ್ಗೆ ಅಸಭ್ಯ ಮಾತು ಇವುಗಳಿಗೆ 30 ದಿನ ಕಾಯಬೇಕಿಲ್ಲ, ಅದೇ ದಿನ ಠಾಣೆಗೆ ಹೋಗಿ. ಕ್ರಿಮಿನಲ್ ಬೆದರಿಕೆಗೆ ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ ಅನ್ವಯಿಸುತ್ತದೆ. ಕಿರುಸಾಲದ ಬಲವಂತದ ವಸೂಲಿಯನ್ನು ತಡೆಯಲು ಕರ್ನಾಟಕದಲ್ಲಿ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯ ಮೂಲಕ ಬಂದ ಕಾನೂನಿನಲ್ಲಿ 10 ವರ್ಷಗಳವರೆಗೆ ಜೈಲು ಮತ್ತು 5 ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ; ಅದರಡಿ ಪ್ರಕರಣ ದಾಖಲಿಸಲು ಪೊಲೀಸರು ನಿರಾಕರಿಸುವಂತಿಲ್ಲ. ಆದರೂ ಠಾಣೆಯಲ್ಲಿ ‘ಇದು ಸಿವಿಲ್ ವಿಷಯ’ ಎಂದು ವಾಪಸ್ ಕಳಿಸಿದರೆ, ಅದೇ ದೂರನ್ನು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಬಹುದು.

ಸಾಲದ ಆ್ಯಪ್‌ನವರು ಫೋಟೊ ತಿರುಚಿ ಪರಿಚಿತರಿಗೆಲ್ಲ ಕಳಿಸುತ್ತಿದ್ದರೆ ಅದು ಸೈಬರ್ ಅಪರಾಧ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಹಣವನ್ನೂ ಮೋಸದಿಂದ ಎಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಆ ಆ್ಯಪ್‌ನ ಹಿಂದೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಯಾವ ಕಂಪನಿಯೂ ಇಲ್ಲವಾದರೆ ಓಂಬುಡ್ಸ್‌ಮನ್‌ನಿಂದ ಪ್ರಯೋಜನವಾಗದು. ಅಂಥವರ ಮಾಹಿತಿಯನ್ನು ರಿಸರ್ವ್ ಬ್ಯಾಂಕಿನ ‘ಸಚೇತ್’ ಪೋರ್ಟಲ್‌ಗೆ ಕೊಡಬೇಕು.