ಸಂದರ್ಶಕರನ್ನು ಕೋಣೆಯಿಂದ ಹೊರಗಿಟ್ಟ ಸಮೀಕ್ಷೆ: ನನ್ನ ಅನುಭವ

ಲೈಂಗಿಕ ಆರೋಗ್ಯದ ಸಮೀಕ್ಷೆಯಲ್ಲಿ ಪ್ರಶ್ನೆಗಳನ್ನು ಹೆಡ್‌ಫೋನ್‌ನಲ್ಲಿ ಕೇಳಿಸಿ, ಉತ್ತರವನ್ನು ಭಾಗವಹಿಸುವವರೇ ಟ್ಯಾಬ್‌ನಲ್ಲಿ ಒತ್ತುವಂತೆ ಮಾಡುತ್ತೇನೆಂದಾಗ ನಮ್ಮ ವಿಭಾಗದಲ್ಲಿ ಒಬ್ಬರೂ ಒಪ್ಪಲಿಲ್ಲ. ಓದು ಬಾರದವರು ಕೈಗೆ ಸಿಕ್ಕ ಗುಂಡಿ ಒತ್ತಿ ಎದ್ದುಹೋಗುತ್ತಾರೆ ಎಂಬುದು ಅವರ ವಾದ. ಸೂಕ್ಷ್ಮ ವರ್ತನೆಗಳನ್ನು ಜನರು ಕಾಗದದ ಪ್ರಶ್ನಾವಳಿಗಿಂತ ಈ ವಿಧಾನದಲ್ಲಿ ಹೆಚ್ಚಾಗಿ ತಿಳಿಸುತ್ತಾರೆಂದು ಅಮೆರಿಕದ ಸಂಶೋಧಕ ಟರ್ನರ್ ಮತ್ತು ಸಂಗಡಿಗರು 1998ರಲ್ಲಿಯೇ ತೋರಿಸಿದ್ದರೂ, ಅದು ನಮಗೆ ಹೊಂದದು ಎಂದರು.

ಮೊದಲ ಸುತ್ತು ನಿಜಕ್ಕೂ ಸೋತಿತು. ಪ್ರಶ್ನೆಗಳನ್ನು ಪಠ್ಯಪುಸ್ತಕದ ಭಾಷೆಯಲ್ಲಿ ಧ್ವನಿಮುದ್ರಿಸಿದ್ದೆವು. 'ಸಂಭೋಗ' ಎಂಬ ಪದ ಬಂದೊಡನೆ ಹಲವರು ಹೆಡ್‌ಫೋನ್ ತೆಗೆದು ಬಾಗಿಲ ಕಡೆ ನೋಡುತ್ತಿದ್ದರು. ಪ್ರಶ್ನೆಯ ಅಕ್ಷರಗಳು ಪರದೆಯ ಮೇಲೂ ಮೂಡುತ್ತಿದ್ದುದರಿಂದ ಪಕ್ಕದಲ್ಲಿ ಹಾದುಹೋದವರು ಓದಬಹುದಾಗಿತ್ತು. ಎಲ್ಲವನ್ನೂ ಆಡುಮಾತಿನಲ್ಲಿ ಮತ್ತೆ ಧ್ವನಿಮುದ್ರಿಸಿ, ಪರದೆಯಲ್ಲಿ ಬಣ್ಣದ ಗುಂಡಿಗಳನ್ನು ಮಾತ್ರ ಉಳಿಸುವಷ್ಟರಲ್ಲಿ ಅನುದಾನದ ಮೂರನೆಯ ಒಂದು ಭಾಗ ಕರಗಿತ್ತು. ಹೆಚ್ಚು ಹಣ ನುಂಗಿದ್ದು ಟ್ಯಾಬ್‌ಗಳಲ್ಲ, ಈ ಮರು ಧ್ವನಿಮುದ್ರಣ.

ನಡುವೆ ಸಂಶೋಧಕ ವಾರ್ನರ್ 1965ರಲ್ಲಿ ಸೂಚಿಸಿದ ಯಾದೃಚ್ಛಿಕ ಉತ್ತರ ವಿಧಾನವನ್ನೂ ಸುಮಾರು ನಲವತ್ತು ಜನರೊಂದಿಗೆ ಪರೀಕ್ಷಿಸಿದೆ. ನೇರ ಪ್ರಶ್ನೆಗೆ ಉತ್ತರಿಸಬೇಕೋ ಅದರ ವಿರುದ್ಧದ ಪ್ರಶ್ನೆಗೋ ಎಂಬುದನ್ನು ಇದರಲ್ಲಿ ಉತ್ತರಿಸುವವರಿಗೆ ಮಾತ್ರ ಕಾಣುವ ದಾಳ ನಿರ್ಧರಿಸುತ್ತದೆ. ದಾಳ ಉರುಳಿಸಿ ಉತ್ತರಿಸಿದರೆ ನಿಮ್ಮ ಗುಟ್ಟು ನನಗೂ ತಿಳಿಯದು ಎಂದು ಎಷ್ಟು ವಿವರಿಸಿದರೂ ಅವರಿಗೆ ನಂಬಿಕೆ ಬರಲಿಲ್ಲ; ಅದಲ್ಲದೆ ದಾಳದಿಂದ ಉತ್ತರಗಳಲ್ಲಿ ಸೇರುವ ಅನಿಶ್ಚಿತತೆಯನ್ನು ಲೆಕ್ಕದಲ್ಲಿ ಸರಿದೂಗಿಸಲು ಮಾದರಿಯ ಗಾತ್ರವನ್ನು ಹಲವು ಪಟ್ಟು ಹಿಗ್ಗಿಸಬೇಕಿತ್ತು. ಅದನ್ನು ಅಲ್ಲಿಗೇ ಬಿಟ್ಟೆ.

ನಿಜವಾದ ಲಾಭ ಬಂದದ್ದು ಆಕರ್ಷಣೆ, ವರ್ತನೆ ಮತ್ತು ಅಸ್ಮಿತೆಗಳನ್ನು ಮೂರು ಬೇರೆ ಪ್ರಶ್ನೆಗಳಾಗಿ ಒಡೆದಾಗ. ಹಿಂದಿನ ಪ್ರಶ್ನಾವಳಿಯಲ್ಲಿ 'ನೀವು ಸಲಿಂಗಿಯೇ' ಎಂಬ ಒಂದೇ ಪ್ರಶ್ನೆಯಿಂದ ಸೋಂಕಿನ ಅಪಾಯವನ್ನು ಅಳೆಯಲು ಹೊರಟಿದ್ದೆವು. ಸೋಂಕು ಹರಡುವುದು ವರ್ತನೆಯಿಂದ. ತನ್ನನ್ನು ಏನೆಂದು ಕರೆದುಕೊಳ್ಳುತ್ತೇನೆ ಎಂಬುದು ಬೇರೆಯೇ ಮಾತು. ಅದರಂತೆ 'ಸಾಮಾನ್ಯವಾಗಿ ಕಾಂಡೋಮ್ ಬಳಸುತ್ತೀರಾ' ಎಂಬುದನ್ನು ಕೈಬಿಟ್ಟು 'ಕಳೆದ ಸಲ ಬಳಸಿದ್ದಿರಾ' ಎಂದು ಕೇಳಿದೆವು, ಏಕೆಂದರೆ ಮೊದಲನೆಯದಕ್ಕೆ ಜನರು ಹೇಳುವುದು ತಮ್ಮ ಆದರ್ಶವನ್ನು, ಎರಡನೆಯದಕ್ಕೆ ಹೇಳುವುದು ನೆನಪನ್ನು.

ನೆನಪಿನಿಂದ ಹೇಳುವುದಾದರೆ, ಮುಖಾಮುಖಿ ಸಂದರ್ಶನದಲ್ಲಿ ಸಲಿಂಗ ಸಂಪರ್ಕವನ್ನು ತಿಳಿಸಿದವರು ನೂರಕ್ಕೆ ಐದಾರು ಮಂದಿ. ಹೆಡ್‌ಫೋನ್ ಗುಂಪಿನಲ್ಲಿ ಹದಿನಾಲ್ಕರ ಆಸುಪಾಸು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅಸ್ಮಿತೆಯ ಪ್ರಶ್ನೆಗೆ ತಾವು ಸಲಿಂಗಿಯೂ ಅಲ್ಲ, ದ್ವಿಲಿಂಗಿಯೂ ಅಲ್ಲ ಎಂದೇ ಒತ್ತಿದ್ದರು. ಹಳೆಯ ಒಂಟಿ ಪ್ರಶ್ನೆ ಇವರನ್ನೆಲ್ಲ ಕಳೆದುಕೊಳ್ಳುತ್ತಿತ್ತು ಎಂಬುದನ್ನು ಆಕ್ಷೇಪಿಸಿದ್ದವರೇ ಕೋಷ್ಟಕದಲ್ಲಿ ಗುರುತಿಸಿದರು. ಕೈಗೆ ಸಿಕ್ಕಂತೆ ಒತ್ತಿದವರನ್ನು ಹಿಡಿಯಲು ನಡುನಡುವೆ ಇಟ್ಟಿದ್ದ ಪ್ರಶ್ನೆಗಳು ಯಾವುವೆಂದು ಇಲ್ಲಿ ಹೇಳಲಾರೆ. ಮುಂದಿನ ಸುತ್ತಿನಲ್ಲೂ ಅವೇ ಬಳಕೆಯಾಗಲಿವೆ. 'ಉತ್ತರಿಸಲು ಇಷ್ಟವಿಲ್ಲ' ಎಂಬ ಹಳದಿ ಗುಂಡಿಯನ್ನು ಮಾತ್ರ ಎಲ್ಲ ಪ್ರಶ್ನೆಗಳಲ್ಲೂ ಒಂದೇ ಜಾಗದಲ್ಲಿಡಿ. ನಾವು ಅದನ್ನು ಒಮ್ಮೆ ಸರಿಸಿದ್ದರಿಂದ ಒಂದಿಡೀ ವಾರದ ಉತ್ತರಗಳನ್ನು ಕೈಬಿಡಬೇಕಾಯಿತು.