ಬೂಟು ಹಾಕಿದ ಮೇಲೂ ಕಾಲು ಕೆರೆಯುತ್ತಿತ್ತು

ಹೊಲಕ್ಕೆ ಬೇರೆ ನೀರಿರಲಿಲ್ಲ, ಚರಂಡಿ ನೀರಿಗೇ ಮೋಟರು ಇಟ್ಟೆ. ಬಾಯಿಗೆ ಹೋಗದಿದ್ದರೆ ಏನೂ ಆಗುವುದಿಲ್ಲ ಅಂದುಕೊಂಡಿದ್ದೆ. ಮೊದಲ ಏಟು ಬಿದ್ದದ್ದು ಕಾಲಿಗೆ.

ನೀರು ಕಟ್ಟುವವನು ಬರಿಗಾಲಲ್ಲೇ ಮಡಿಗೆ ಇಳಿಯುತ್ತಿದ್ದ. ಬೆರಳ ಸಂದಿಯಲ್ಲಿ ಸಣ್ಣ ಕೆಂಪು ಗುಳ್ಳೆ, ರಾತ್ರಿಯೆಲ್ಲ ಕೆರೆತ. ಕೆಸರು ಹುಣ್ಣು ಅಂತ ಸುಮ್ನಿದ್ದ. ಕೆಲವು ತಿಂಗಳಲ್ಲಿ ಸನಿಕೆ ಎತ್ತಿದರೂ ಏದುಸಿರು. ಮಲ ಪರೀಕ್ಷೆ ಮಾಡಿಸಿದರೆ ಕೊಕ್ಕೆಹುಳು, ಜೊತೆಗೆ ರಕ್ತಹೀನತೆ. ಈ ಹುಳು ಬಾಯಿಂದಲೇ ಬರಬೇಕಿಲ್ಲ. ಮಲದ ಜೊತೆ ಬಂದ ಮೊಟ್ಟೆ ಒದ್ದೆ ಮಣ್ಣಲ್ಲಿ ಒಂದೆರಡು ದಿನಕ್ಕೆ ಒಡೆಯುತ್ತದೆ. 5ರಿಂದ 10 ದಿನದಲ್ಲಿ ಮರಿ ಚರ್ಮ ತೂರುವಷ್ಟು ಬಲಿಯುತ್ತದೆ. ಕರುಳಿಗೆ ಸೇರಿ ರಕ್ತ ಹೀರುತ್ತದೆ. ವೈದ್ಯರು 400 ಮಿಲಿಗ್ರಾಂ ಆಲ್ಬೆಂಡಜೋಲ್, ಕಬ್ಬಿಣದ ಮಾತ್ರೆ ಕೊಟ್ಟರು. ಮತ್ತೆ ಅದೇ ಕೆಸರಿಗೆ ಇಳಿದರೆ ಮಾತ್ರೆ ತಾನೇ ಏನು ಮಾಡೀತು?

ಬೂಟು ತಂದೆ, ಗಿಡ್ಡವು. ತಪ್ಪು ನನ್ನದೇ. ಮೇಲಿಂದ ನೀರು ತುಂಬಿ ಕಾಲು ಇಡೀ ದಿನ ಅದರಲ್ಲೇ ನೆನೆಯಿತು. ಬರಿಗಾಲೇ ವಾಸಿ ಅಂತ ಅವನು ಬೈದದ್ದು ಸರಿಯೇ ಇತ್ತು. ಆಮೇಲೆ ಮೊಣಕಾಲವರೆಗಿನವು ತಂದೆ, ತಲಾ ಎರಡು ಜೊತೆ. ಒಂದು ಬಿಸಿಲಿಗೆ ತಲೆಕೆಳಗಾಗಿ ಒಣಗುತ್ತಿರಬೇಕು. ಅದಕ್ಕಿಂತ ಜಾಸ್ತಿ ಉಪಯೋಗ ಆದದ್ದು ಬದು ಅಗಲ ಮಾಡಿ, ಸನಿಕೆಗೆ ಉದ್ದ ಕಾವು ಹಾಕಿದ್ದು. ಈಗ ಬದುವಿನ ಮೇಲೆ ನಿಂತೇ ನೀರು ತಿರುಗಿಸಬಹುದು.

ಇನ್ನೊಂದು ಅಭ್ಯಾಸ ಹೇಳಲು ನಾಚಿಕೆ. ಪೈಪಿನಲ್ಲಿ ನೀರು ಹರಿಸಲು ಬಾಯಲ್ಲಿ ಎಳೆಯುತ್ತಿದ್ದೆವು, ನಾನೂ! ಈಗ ಪೈಪು ಪೂರ್ತಿ ಮುಳುಗಿಸಿ, ಕೈಗವಸು ಹಾಕಿದ ಕೈಯಲ್ಲಿ ಒಂದು ತುದಿ ಮುಚ್ಚಿ ಹೊರಗೆ ಇಳಿಸುತ್ತೇವೆ.

ಕರುಳಿಗೆ ಸೇರುವ ಇನ್ನೊಂದು ಹುಳು ದುಂಡುಹುಳು. ಅದರ ಮೊಟ್ಟೆ ಕೈಯಿಂದ ಬಾಯಿಗೆ ಬರುತ್ತದೆ, ಉಗುರಿನ ಸಂದಿಯಲ್ಲಿ ಕೂತು. ನೀರಿಗೆ ಬ್ಲೀಚಿಂಗ್ ಪುಡಿ ಹಾಕಿ ಅಂದವರಿದ್ದರು. ಆದರೆ ಮೊಟ್ಟೆಯ ಚಿಪ್ಪು ಗಟ್ಟಿ, ಕ್ಲೋರಿನ್‌ಗೆ ಜಗ್ಗುವುದಿಲ್ಲ. ಮೊಟ್ಟೆ ನೀರಿಗಿಂತ ಭಾರ ಅನ್ನುವುದೇ ನಮಗೆ ಅನುಕೂಲ. ಮೂರು ಗುಂಡಿ ತೋಡಿದೆ: ಒಂದು ತುಂಬುವಾಗ ಇನ್ನೊಂದು ತಿಳಿಯಾಗುತ್ತಿರುತ್ತದೆ, ಮೂರನೆಯದರಿಂದ ಎತ್ತುತ್ತೇವೆ. ಮೋಟರು ನೀರೆಳೆಯುವ ಪೈಪಿನ ತುದಿಯ ಫುಟ್‌ವಾಲ್ವನ್ನು ಖಾಲಿ ಕ್ಯಾನಿಗೆ ಕಟ್ಟಿ ತೇಲಿಬಿಟ್ಟೆ, ಮೇಲಿನ ತಿಳಿ ನೀರು ಮಾತ್ರ ಬರಲಿ ಅಂತ. ಹೊಲಕ್ಕೆ ಬಿಡುವ ಇಂಥ ನೀರಲ್ಲಿ ಲೀಟರಿಗೆ 1 ಮೊಟ್ಟೆಗಿಂತ ಹೆಚ್ಚಿರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೇಳಿದೆ. ಮಕ್ಕಳು ಹೊಲಕ್ಕೆ ಇಳಿಯುವುದಾದರೆ ಇನ್ನೂ ಬಿಗಿ. ನಾನು ಮಕ್ಕಳನ್ನು ಬಿಡುವುದೇ ಇಲ್ಲ.

ಆದರೆ ಮೊಟ್ಟೆ ಎಲ್ಲಿಗೂ ಹೋಗಿಲ್ಲ ಅಲ್ವಾ, ತಳದ ಹೂಳಿನಲ್ಲಿದೆ. ಹೂಳು ಎತ್ತುವ ದಿನವೇ ಎಲ್ಲಕ್ಕಿಂತ ಅಪಾಯ. ಅವತ್ತು ಬೂಟು, ಕೈಗವಸು ಇಲ್ಲದೆ ಯಾರೂ ಇಳಿಯುವಂತಿಲ್ಲ. ಮಣ್ಣಲ್ಲಿ ಮೊಟ್ಟೆ ವರ್ಷಗಟ್ಟಲೆ ಬದುಕಬಲ್ಲದು, ಹಾಗಾಗಿ ಆ ಹೂಳನ್ನು ಹೊಲಕ್ಕೆ ಹಾಕುವುದಿಲ್ಲ, ದೂರದಲ್ಲಿ ಹೂಳುತ್ತೇವೆ.

ಸೋತದ್ದು ಕಳೆ ಕೀಳುವುದರಲ್ಲಿ. ಕೈಗವಸು ಹಾಕಿದರೆ ಬೇರು ಸಿಗುವುದಿಲ್ಲ ಅಂತ ಹೆಂಗಸರು ಬಿಚ್ಚಿಡುತ್ತಾರೆ. ನಾನೂ ಒಂದು ಸಾಲು ಕಿತ್ತು ನೋಡಿದೆ, ಅವರು ಹೇಳಿದ್ದು ನಿಜ. ಕಳೆಗೆ ಮೊದಲು ನಾಲ್ಕು ದಿನ ನೀರು ನಿಲ್ಲಿಸಿ ಮಣ್ಣು ಒಣಗಿಸುತ್ತೇನೆ. ಕೆಲಸ ಬಿಡುವಾಗ ಬಾವಿ ನೀರಿನ ಡ್ರಮ್ಮಿನ ಹತ್ತಿರ ಒಬ್ಬರು ನೀರು ಹಾಕುತ್ತಾರೆ, ಇನ್ನೊಬ್ಬರು ಸೋಪಿನಲ್ಲಿ ಉಜ್ಜುತ್ತಾರೆ. ಉಗುರು ಕತ್ತರಿಯನ್ನು ಡ್ರಮ್ಮಿಗೇ ದಾರದಲ್ಲಿ ಕಟ್ಟಿದ್ದೇನೆ. ಇದುವರೆಗೆ ಮೂರು ಕಳೆದುಹೋಗಿವೆ.